ತಾರಸಿಯ ಮೇಲಿನ ತಟ್ಟೆ

ಬೊಮ್ಮನಹಳ್ಳಿಯಲ್ಲಿ ಯಾವ ಮನೆಯ ತಾರಸಿಯನ್ನೇರಿ ನಿಂತರೂ ಎರಡು ವಸ್ತುಗಳು ಕಣ್ಣಿಗೆ ಬೀಳುತ್ತವೆ. ಒಂದು ನೀರಿನ ಕಪ್ಪು ತೊಟ್ಟಿ. ಇನ್ನೊಂದು ಆಕಾಶಕ್ಕೆ ಮುಖವೊಡ್ಡಿದ ತಟ್ಟೆ. ಹೊಸೂರು ರಸ್ತೆಯ ಬದಿಯ ಈ ಊರು 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿತು. ಹೊಲಗಳಿದ್ದ ಕಡೆ ಸಿದ್ಧ ಉಡುಪಿನ ಕಾರ್ಖಾನೆಗಳೂ ಬಾಡಿಗೆಯ ಮನೆಗಳೂ ಎದ್ದಿವೆ. ಒಂದು ಕಟ್ಟಡದಲ್ಲಿ ಆರೇಳು ಸಂಸಾರ, ಸಂಸಾರಕ್ಕೊಂದು ತಟ್ಟೆ. ಅವುಗಳಲ್ಲಿ ಕೆಲವಕ್ಕೆ ತಂತಿಯೇ ಇಲ್ಲ. ತುಕ್ಕು ಹಿಡಿದು ಕಾಗೆಗಳಿಗೆ ಆಸನವಾಗಿವೆ. ಸಂಸ್ಥೆಯನ್ನು ಬದಲಿಸಿದವರು, ಮನೆ ತೆರವು ಮಾಡಿದವರು ಬಿಟ್ಟುಹೋದ ತಟ್ಟೆಗಳು ಅವು.

ಕಳೆದ ದೀಪಾವಳಿಯ ಸಮಯದಲ್ಲಿ ನಮ್ಮ ಪಕ್ಕದ ಮನೆಯಾಕೆ ಒಂದು ಜಾಹೀರಾತು ಪತ್ರವನ್ನು ಹಿಡಿದು ನಮ್ಮಲ್ಲಿಗೆ ಬಂದರು. ಅವರು ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುವವರು. ಮನೆಯಲ್ಲಿ ಅತ್ತೆ, ಒಂಬತ್ತನೆಯ ತರಗತಿಯಲ್ಲಿ ಓದುವ ಒಬ್ಬ ಮಗ.

"ಮೇಷ್ಟ್ರೇ, ನಾವು ಈಗ ಟಿವಿಗೆ ತಿಂಗಳಿಗೆ ಮುನ್ನೂರೈವತ್ತು ಕಟ್ತಿದೀವಿ. ಇವರದು ಇನ್ನೂರ ಅರವತ್ತಂತೆ. ಮೊದಲನೇ ತಿಂಗಳು ಬಿಟ್ಟಿಯಂತೆ. ಇದಕ್ಕೇ ಸೇರಿಕೊಳ್ಳಲಾ?" ಎಂದು ಕೇಳಿದರು.

ತಿಂಗಳಿಗೆ 90 ರೂಪಾಯಿ ಎಂದರೆ ಆ ಮನೆಗೆ ಹೆಚ್ಚುಕಡಿಮೆ ಎರಡು ಲೀಟರ್ ಹಾಲು. ಅವರ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿರಲಿಲ್ಲ. ಆದರೆ ಉತ್ತರವನ್ನು ಆ ಪತ್ರದಲ್ಲಿ ಹುಡುಕಿ ಫಲವಿಲ್ಲ. ಸಂಸ್ಥೆಯನ್ನು ಬದಲಿಸುವುದಕ್ಕೆ ಹಣವೇಕೆ ಬೇಕೆಂಬುದನ್ನು ತಿಳಿಯಬೇಕಾದರೆ ತಾರಸಿಯ ತಟ್ಟೆಯಿಂದಲೇ ತೊಡಗಬೇಕು.

ಭೂಮಧ್ಯರೇಖೆಯ ನೇರಕ್ಕೆ, ನೆಲದಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕೃತಕ ಉಪಗ್ರಹವು ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ನಮಗೆ ಆಕಾಶದಲ್ಲಿ ನಿಂತಲ್ಲೇ ನಿಂತಂತೆ ತೋರುತ್ತದೆ. ಆದುದರಿಂದಲೇ ತಟ್ಟೆಯನ್ನು ಒಮ್ಮೆ ಸರಿಯಾಗಿ ತಿರುಗಿಸಿ ಬಿಗಿದರೆ ಸಾಕು. ಉಪಗ್ರಹದಿಂದ ನೇರವಾಗಿ ಚಿತ್ರವನ್ನು ಪಡೆಯುವ ಪ್ರಯೋಗ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆಗ ಇದ್ದುದು ಒಂದೇ ಉಪಗ್ರಹ. ಆಯ್ಕೆಯ ಗೊಡವೆ ಯಾರಿಗೂ ಇರಲಿಲ್ಲ. ಕಾಲ ಬದಲಾಯಿತು. 2003ರಲ್ಲಿ ಮೊದಲ ಖಾಸಗಿ ಸಂಸ್ಥೆ ಮನೆಮನೆಗೆ ತಟ್ಟೆಯನ್ನು ಒದಗಿಸತೊಡಗಿತು. 2009ರ ವೇಳೆಗೆ ಅಂಥ ಸಂಸ್ಥೆಗಳು ಆರಾದವು. ಅವುಗಳಲ್ಲಿ ಒಂದು ಇನ್ನೊಂದರೊಡನೆ ಕೂಡಿಕೊಂಡಿತು, ಒಂದು ನಿಂತೇಹೋಯಿತು. ಈಗ ಉಳಿದಿರುವುವು ನಾಲ್ಕು.

ಈ ಸಂಸ್ಥೆಗಳೆಲ್ಲ ಒಂದೇ ಉಪಗ್ರಹವನ್ನು ಆಶ್ರಯಿಸಿಲ್ಲ. ಟಾಟಾ ಪ್ಲೇಗಾಗಿ 2022ರ ಜೂನ್‌ನಲ್ಲಿ ಹಾರಿಸಿದ ಜಿಸ್ಯಾಟ್-24 ಉಪಗ್ರಹವು 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಏರ್‌ಟೆಲ್ ಬಳಸುವ ಉಪಗ್ರಹ 108 ಡಿಗ್ರಿಯ ಸುಮಾರಿನಲ್ಲಿದೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಹೀಗಾಗಿ ಮೊದಲನೆಯದು ನಮಗೆ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿ, ನೆಲಮಟ್ಟದಿಂದ ಸುಮಾರು 74 ಡಿಗ್ರಿಯಷ್ಟು ಮೇಲಿರುತ್ತದೆ. ಎರಡನೆಯದು ಹೆಚ್ಚಾಗಿ ಪೂರ್ವದ ಕಡೆಗೆ, 52 ಡಿಗ್ರಿಯಷ್ಟು ಎತ್ತರದಲ್ಲಿರುತ್ತದೆ. ಒಂದರ ಕಡೆಗೆ ತಿರುಗಿಸಿದ ತಟ್ಟೆ ಇನ್ನೊಂದನ್ನು ಕಾಣಲಾರದು. ಅಕ್ಕಪಕ್ಕದ ಮನೆಗಳು ಒತ್ತೊತ್ತಾಗಿರುವ ನಮ್ಮ ಬೀದಿಗಳಲ್ಲಿ ಒಂದು ದಿಕ್ಕು ತೆರವಾಗಿದ್ದರೆ ಇನ್ನೊಂದು ದಿಕ್ಕಿಗೆ ಗೋಡೆ ಅಡ್ಡವಾಗಿರುವುದೂ ಉಂಟು.

ತಟ್ಟೆಯನ್ನಾದರೂ ತಿರುಗಿಸಬಹುದು, ಸೆಟ್‌ಟಾಪ್ ಬಾಕ್ಸನ್ನು ತಿರುಗಿಸುವಂತಿಲ್ಲ. ಸಂಸ್ಥೆಯು ತನ್ನ ವಾಹಿನಿಗಳನ್ನು ಗೂಢಲಿಪಿಯಲ್ಲಿ ಬಚ್ಚಿಟ್ಟು ಕಳುಹಿಸುತ್ತದೆ. ಅದನ್ನು ಬಿಡಿಸುವ ಕೀಲಿಕೈ ಅದೇ ಸಂಸ್ಥೆಯ ಪೆಟ್ಟಿಗೆಯಲ್ಲಿರುತ್ತದೆ. ಒಬ್ಬರ ಬೀಗಕ್ಕೆ ಇನ್ನೊಬ್ಬರ ಕೀಲಿ ಹತ್ತದು. ಮೊಬೈಲ್ ದೂರವಾಣಿಯಲ್ಲಿ 2011ರ ಜನವರಿಯಿಂದ ದೇಶಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಸಂಸ್ಥೆಯನ್ನು ಬದಲಿಸುವ ಅವಕಾಶ ಬಂದಿತು. ಕೈಯಲ್ಲಿದ್ದ ಫೋನನ್ನು ಎಸೆಯಬೇಕಾಗಲಿಲ್ಲ. ಪೆಟ್ಟಿಗೆಗಳೂ ಹಾಗೆ ಎಲ್ಲ ಸಂಸ್ಥೆಗಳಿಗೂ ಹೊಂದುವಂತಿರಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಆ ಸೌಲಭ್ಯ ಇನ್ನೂ ಮನೆಮನೆಗೆ ಬಂದಿಲ್ಲ. ಅದು ಬರುವವರೆಗೆ ಬದಲಾವಣೆಯ ವೆಚ್ಚವನ್ನು ಹೊರುವವನು ಗ್ರಾಹಕನೇ.

ಈಗ ಪಕ್ಕದ ಮನೆಯ ಲೆಕ್ಕಕ್ಕೆ ಬರೋಣ. ಹುಡುಗನೂ ನಾನೂ ಕುಳಿತು ಸಂಸ್ಥೆಗೆ ದೂರವಾಣಿ ಮಾಡಿ ಕೇಳಿ ಬರೆದುಕೊಂಡೆವು. ಪತ್ರದಲ್ಲಿದ್ದ 260 ರೂಪಾಯಿಯ ಪ್ಯಾಕ್‌ನಲ್ಲಿ ಅಜ್ಜಿ ದಿನವೂ ನೋಡುವ ಎರಡು ವಾಹಿನಿಗಳು ಇರಲಿಲ್ಲ. ತೆರಿಗೆಸಹಿತ ಅವನ್ನು ಸೇರಿಸಿದಾಗ ಮೊತ್ತ 290 ಆಯಿತು. 90 ರೂಪಾಯಿಯ ಉಳಿತಾಯ ಅಲ್ಲಿಗೇ 60ಕ್ಕೆ ಇಳಿಯಿತು. ಹೊಸ ತಟ್ಟೆ, ಪೆಟ್ಟಿಗೆ, ಜೋಡಣೆಗೆ 1,499. ಮೂರನೆಯ ಮಹಡಿಯ ತಾರಸಿಯಿಂದ ನೆಲಮಹಡಿಗೆ ಹೆಚ್ಚುವರಿ ತಂತಿ ಬೇಕು, ಅದಕ್ಕೆ 300. ಕೆಲಸದವನು ಬರುವ ದಿನ ಯಾರಾದರೂ ಮನೆಯಲ್ಲಿರಬೇಕು. ಅಜ್ಜಿಗೆ ಮೆಟ್ಟಿಲು ಹತ್ತಲಾಗದು. ಆದುದರಿಂದ ತಾಯಿಯ ಒಂದು ದಿನದ ಸಂಬಳ, ಸುಮಾರು 500. ಹಳೆಯ ಖಾತೆಯಲ್ಲಿ ಉಳಿದಿದ್ದ 210 ರೂಪಾಯಿಯನ್ನೂ ನಾನು ನಷ್ಟದ ಪಟ್ಟಿಗೆ ಸೇರಿಸಿ ಒಟ್ಟು 2,509 ಎಂದು ಬರೆದೆನು.

"ತಾತಾ, ಆ ಇನ್ನೂರ ಹತ್ತು ಯಾಕೆ? ಅದು ಮುಗಿಯೋವರೆಗೂ ನೋಡಿ ಆಮೇಲೆ ಬದಲಾಯಿಸಿದ್ರೆ ಆಯ್ತಲ್ಲ?" ಎಂದನು ಹುಡುಗ.

ಅವನ ಮಾತು ಸರಿಯಾಗಿತ್ತು. ಒಳಗಿನಿಂದ ನನ್ನ ಪತ್ನಿ, "ಕನ್ನಡದ ಮೇಷ್ಟ್ರಿಗೆ ಲೆಕ್ಕದ ಪಾಠ" ಎಂದು ನಕ್ಕಳು. ಮೊತ್ತವನ್ನು 2,299ಕ್ಕೆ ಇಳಿಸಿದೆವು. ಮೊದಲ ತಿಂಗಳು ಬಿಟ್ಟಿಯಾದ್ದರಿಂದ ಅದರ 290ನ್ನೂ ಕಳೆದೆವು, ಉಳಿದುದು 2,009. ತಿಂಗಳಿಗೆ 60 ರೂಪಾಯಿಯಂತೆ ಈ ಹಣ ಹಿಂದಿರುಗಬೇಕಾದರೆ 33 ತಿಂಗಳು ಕಳೆದು 34ನೆಯ ತಿಂಗಳು ನಡೆಯಬೇಕು. ಉಳಿತಾಯವೆಂಬುದು ಅಲ್ಲಿಂದಾಚೆಗೆ ಮಾತ್ರ ಆರಂಭ. ಆದರೆ ಆ ಮನೆಯ ಬಾಡಿಗೆಯ ಕರಾರು 11 ತಿಂಗಳಿನದು, ಆಗತಾನೇ ಬರೆದದ್ದು. ಕರಾರು ಮುಗಿದಾಗ ಮನೆ ಬಿಡಬೇಕಾಗಿ ಬಂದರೆ ಅಷ್ಟರೊಳಗೆ ಉಳಿಯುವುದು 950 ರೂಪಾಯಿ, ಖರ್ಚಾಗಿರುವುದು 2,299. ಅಗ್ಗವೆಂದು ಹಿಡಿದದ್ದು 1,349 ರೂಪಾಯಿಯ ನಷ್ಟದಲ್ಲಿ ಮುಗಿಯುತ್ತದೆ.

ಈ ಲೆಕ್ಕವನ್ನು ನಾನು ಮೊದಲೇ ಬಲ್ಲವನಾಗಿದ್ದೆನೆಂದು ನೀವು ಭಾವಿಸಬಾರದು. ಎಂಟು ವರ್ಷಗಳ ಹಿಂದೆ ನಾನೂ ಒಂದು ಪತ್ರವನ್ನು ನಂಬಿ ಸಂಸ್ಥೆಯನ್ನು ಬದಲಿಸಿದವನೇ. ಹೊಸ ತಟ್ಟೆಯ ಎದುರಿನ ನಿವೇಶನ ಖಾಲಿಯಿತ್ತು. ಖಾಲಿ ನಿವೇಶನ ಬೆಂಗಳೂರಿನಲ್ಲಿ ಖಾಲಿಯಾಗಿಯೇ ಉಳಿಯದೆಂಬುದು ನನಗೆ ಹೊಳೆಯಲಿಲ್ಲ. ಮರುವರ್ಷ ಅಲ್ಲಿ ನಾಲ್ಕು ಮಹಡಿಗಳು ಎದ್ದು ಚಿತ್ರವೇ ಮಾಯವಾಯಿತು. ತಟ್ಟೆಯನ್ನು ಎರಡು ಬಾರಿ ಹಣ ಕೊಟ್ಟು ಸ್ಥಳಾಂತರಿಸಿದೆನು. ಇಷ್ಟು ಮೊದಲನೆಯ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಮಳೆ ಹನಿದರೆ ಸಾಕು ಚಿತ್ರ ಒಡೆಯುತ್ತಿದ್ದರೂ "ಇಷ್ಟು ಹಣ ಸುರಿದಾಗಿದೆ, ಬಿಡುವುದು ಹೇಗೆ" ಎಂದುಕೊಂಡು ಇನ್ನೂ ಎರಡು ವರ್ಷ ಅದಕ್ಕೇ ಅಂಟಿಕೊಂಡೆನು. ಸುರಿದ ಹಣ ನಾನು ಅಲ್ಲಿದ್ದರೂ ಮರಳುತ್ತಿರಲಿಲ್ಲ, ಬಿಟ್ಟರೂ ಮರಳುತ್ತಿರಲಿಲ್ಲ. ಲೆಕ್ಕ ಹಾಕಬೇಕಾದುದು ಮುಂದೆ ಕೊಡುವ ಹಣವನ್ನು. ನಾನು ಹಾಕುತ್ತಿದ್ದುದು ಹಿಂದೆ ಕೊಟ್ಟ ಹಣವನ್ನು. ಪಕ್ಕದ ಮನೆಯಾಕೆಯ ಹಳೆಯ ಪೆಟ್ಟಿಗೆಯ ಬೆಲೆಯನ್ನು ನಾವು ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು ಇದೇ ಕಾರಣದಿಂದ.

ಹಾಗಾದರೆ ಅವರು 350ನ್ನೇ ಕೊಡುತ್ತಿರಬೇಕೆ? ಬೇಕಾಗಿಲ್ಲ. ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರ ಫೆಬ್ರವರಿ 1ರಿಂದ ನೋಡುಗರಿಗೆ ದೊರೆತಿದೆ. ಪ್ರತಿ ವಾಹಿನಿಯ ಬೆಲೆಯನ್ನೂ ಸಂಸ್ಥೆಗಳು ತಿಳಿಸಬೇಕು. ವಾಹಿನಿಗಳ ಬೆಲೆಯಲ್ಲದೆ ಜಾಲದ ಶುಲ್ಕವೆಂಬುದೊಂದಿದೆ. ಅದರ ಮೇಲಿದ್ದ ಮಿತಿಯನ್ನು 2024ರ ಜುಲೈನಲ್ಲಿ ತೆಗೆದುಹಾಕಲಾಯಿತು. ಆದುದರಿಂದ ಅದು ಎಷ್ಟೆಂದು ಆಯಾ ಸಂಸ್ಥೆಯನ್ನೇ ಕೇಳಬೇಕು. ಹುಡುಗನು ಒಂದು ವಾರ ಮನೆಯವರು ಏನೇನು ನೋಡುತ್ತಾರೆಂದು ಗುರುತು ಹಾಕಿದನು. ಪ್ಯಾಕ್‌ನಲ್ಲಿದ್ದ ಹಲವು ವಾಹಿನಿಗಳನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ತನ್ನ ಒಂದು ಕ್ರೀಡಾ ವಾಹಿನಿಯನ್ನು ಬಿಟ್ಟುಕೊಡಲು ಅವನು ಎರಡು ದಿನ ತಕರಾರು ಮಾಡಿದನೆಂದು ಅವನ ತಾಯಿ ಹೇಳಿದರು. ಕಡೆಗೆ ಹಳೆಯ ಸಂಸ್ಥೆಯಲ್ಲಿಯೇ ತಿಂಗಳ ಮೊತ್ತ 270ಕ್ಕೆ ಇಳಿಯಿತು. ಹೊಸ ಸಂಸ್ಥೆಯಲ್ಲಿಯೂ ಹಾಗೆ ಇಳಿಸಬಹುದಿತ್ತಲ್ಲವೆ ಎಂದರೆ, ಇಳಿಸಬಹುದಿತ್ತು. ಆದರೆ ಮೊದಲು ಕೊಡಬೇಕಾದ 2,299 ಇಳಿಯುತ್ತಿರಲಿಲ್ಲ. ತಿಂಗಳ ಶುಲ್ಕವೇ ಇಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ಅದರಲ್ಲಿ ಚಂದನ ವಾಹಿನಿ ಬರುತ್ತದೆ, ಆದರೆ ಅಜ್ಜಿ ಕೇಳುವ ಧಾರಾವಾಹಿ ಬರುವುದಿಲ್ಲ. ಅಜ್ಜಿಗೆ ಹಗಲೆಲ್ಲ ಜೊತೆ ಅದೊಂದೇ. ಅದನ್ನು ತೂಗಲು ನಮ್ಮ ಹಾಳೆಯಲ್ಲಿ ಅಂಕಣವಿರಲಿಲ್ಲ, ತಾಯಿ ತೂಗಿದರು.

ಬರುವ ದೀಪಾವಳಿಯ ಹೊತ್ತಿಗೆ ಅವರು ಹೊಂಗಸಂದ್ರದ ಕಡೆಗೆ ಮನೆ ಬದಲಿಸುವ ಯೋಚನೆಯಲ್ಲಿದ್ದಾರೆ. ಆಗ ಪ್ರಶ್ನೆ ಮತ್ತೆ ಏಳುತ್ತದೆ. ಅಲ್ಲಿ ಹಳೆಯ ತಟ್ಟೆಯನ್ನು ಕಿತ್ತು ಕೂಡಿಸಲು ಹಳೆಯ ಸಂಸ್ಥೆಯೂ 600 ರೂಪಾಯಿ ಕೇಳುತ್ತದೆ. ತಂತಿಯ 300, ಒಂದು ದಿನದ ಸಂಬಳದ 500 ಯಾವ ಸಂಸ್ಥೆಯಾದರೂ ತಪ್ಪಿದ್ದಲ್ಲ. ಹೀಗಾಗಿ ಹೊಸ ಸಂಸ್ಥೆಗೆ ಸೇರಿದ್ದರಿಂದ ಹೆಚ್ಚಾಗುವ ವೆಚ್ಚ 899 ಮಾತ್ರ. ಒಂದು ತಿಂಗಳ ಬಿಟ್ಟಿ ಸೇವೆಯೂ, ಒಂದೇ ವಾಹಿನಿಗಳಿಗೆ ತಿಂಗಳಿಗೆ 60 ರೂಪಾಯಿಯ ವ್ಯತ್ಯಾಸವೂ ಆಗಲೂ ಹಾಗೆಯೇ ಇದ್ದರೆ, ಆ ಹಣ 12ನೆಯ ತಿಂಗಳಿನಲ್ಲಿ ಹಿಂದಿರುಗುತ್ತದೆ. ಅಷ್ಟು ಕಾಲ ಅವರು ಹೊಸ ಮನೆಯಲ್ಲಿ ಇರುವರೋ ಇಲ್ಲವೋ ಎಂಬುದನ್ನು ಮನೆಯೊಡೆಯರನ್ನು ಕೇಳಿ ಬರಲು ಹುಡುಗನಿಗೆ ಹೇಳಿದ್ದೇನೆ.