ಕಾಡಿಗೆ ಮರಳಲಾಗದ ಮೃಗಪಕ್ಷಿಗಳು

ನಿಸರ್ಗ ವಸ್ತುಸಂಗ್ರಹಾಲಯವೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಹುಲ್ಲು ತುಂಬಿದ ಹುಲಿ, ಸೂಜಿ ಚುಚ್ಚಿಟ್ಟ ಚಿಟ್ಟೆ, ತಂತಿಯಿಂದ ಬಿಗಿದ ಅಸ್ಥಿಪಂಜರ. 1978ರಲ್ಲಿ ದೆಹಲಿಯಲ್ಲಿ ತೆರೆದು 2016ರ ಬೆಂಕಿಗೆ ಆಹುತಿಯಾದ ರಾಷ್ಟ್ರೀಯ ಸಂಗ್ರಹಾಲಯವನ್ನು ಕಂಡವರಿಗೆ ಇಂಥ ನೋಟ ಹೊಸದಲ್ಲ. ಜೀವಂತ ಪ್ರಾಣಿಯನ್ನು ನೋಡಬೇಕಾದರೆ ಮೃಗಾಲಯಕ್ಕೇ ಹೋಗಬೇಕು. ಅಮೆರಿಕದಲ್ಲಿ ಈ ಎರಡರ ನಡುವಣ ಒಂದು ಬಗೆಯ ಸಂಸ್ಥೆ ಬೆಳೆದುಬಂದಿದೆ. ಕ್ಯಾಲಿಫೋರ್ನಿಯದ ವಾಲ್‌ನಟ್ ಕ್ರೀಕ್ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಲಿಂಡ್ಸೆಯವರು 1955ರಲ್ಲಿ ಮಕ್ಕಳಿಗಾಗಿ ಸ್ಥಾಪಿಸಿದ ಸಣ್ಣ ಸಂಗ್ರಹಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಗಾಯಗೊಂಡ ಹಕ್ಕಿಗಳನ್ನು ಊರವರು ಅಲ್ಲಿಗೆ ತಂದೊಪ್ಪಿಸುವುದು ರೂಢಿಯಾಗಿ, 1970ರಲ್ಲಿ ಅವುಗಳ ಶುಶ್ರೂಷೆಗೆಂದೇ ವ್ಯವಸ್ಥಿತವಾದ ಏರ್ಪಾಡು ಆರಂಭವಾಯಿತು. ಗುಣವಾದುವು ಹಾರಿಹೋದುವು. ಬದುಕಿಯೂ ಹೋಗಲಾರದ ಕೆಲವು ಅಲ್ಲಿಯೇ ಉಳಿದು, ತಮ್ಮ ನಾಡಿನ ಕಾಡಿನ ಪ್ರತಿನಿಧಿಗಳಾಗಿ ಜನರ ಮುಂದೆ ನಿಂತುವು.

ಹೋಗಲಾರದೆಂಬುದನ್ನು ನಿರ್ಣಯಿಸುವುದು ತೋರುವಷ್ಟು ಸುಲಭವಲ್ಲ. ಕೆಂಪು ಬಾಲದ ಗಿಡುಗವೊಂದರ ರೆಕ್ಕೆ ಮುರಿದಿದೆಯೆನ್ನೋಣ. ಮೂಳೆಯ ನಡುಭಾಗ ಮುರಿದಿದ್ದರೆ ಕಟ್ಟುಹಾಕಿ ವಿಶ್ರಾಂತಿ ಕೊಟ್ಟಾಗ ಕೂಡಿಕೊಳ್ಳಬಹುದು. ಕೀಲಿನ ಬಳಿ ಮುರಿದಿದ್ದರೆ ಮೂಳೆ ಕೂಡಿದರೂ ಕೀಲು ಬಿಗಿದುಹೋಗುವ ಭಯವಿದೆ. ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಚೂಣಿಯಲ್ಲಿ ತೆಳುವಾದ ಚರ್ಮದ ಪರದೆಯೊಂದಿರುತ್ತದೆ. ಅದು ಹರಿದು, ವಾಸಿಯಾಗುವಾಗ ಸುಕ್ಕುಗಟ್ಟಿತೆಂದರೆ ರೆಕ್ಕೆ ಮತ್ತೆಂದೂ ಪೂರ್ತಿಯಾಗಿ ಬಿಚ್ಚದು. ಅಂಥ ಹಕ್ಕಿ ಪಂಜರದಲ್ಲಿ ಚೆನ್ನಾಗಿಯೇ ಉಣ್ಣುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ನೋಡುವವನಿಗೆ ಯಾವ ಕುಂದೂ ಕಾಣದು. ಆದರೆ ಗಿಡುಗಕ್ಕೆ ಹಾರಾಟವೇ ಅನ್ನ. ಎರಗುವುದು ಅರೆಕ್ಷಣ ತಡವಾದರೂ ಇಲಿ ಬಿಲ ಸೇರುತ್ತದೆ. ಕಣ್ಣಿನ ವಿಷಯದಲ್ಲಿಯೂ ಹೀಗೆಯೇ: ಕಣಜಗೂಬೆ ಕಗ್ಗತ್ತಲೆಯಲ್ಲಿ ಕಿವಿಯಿಂದಲೇ ಬೇಟೆಯನ್ನು ಹುಡುಕಬಲ್ಲುದಾದ್ದರಿಂದ ಒಂದು ಕಣ್ಣು ಹೋದರೂ ಅದರ ಬಗ್ಗೆ ಆಸೆಯಿಡಬಹುದು, ದೂರವನ್ನು ಕಣ್ಣಳತೆಯಿಂದಲೇ ಅಳೆಯಬೇಕಾದ ಹಗಲುಬೇಟೆಯ ಹಕ್ಕಿಗೆ ಆ ಭಾಗ್ಯ ಕಡಮೆ.

ಮೈಯಲ್ಲಿ ಯಾವ ಗಾಯವೂ ಇಲ್ಲದೆ ಕಾಡಿಗೆ ಎರವಾದವೂ ಉಂಟು. ಬಾತುಮರಿಗಳು ಮೊಟ್ಟೆಯೊಡೆದ ಮೇಲೆ ಮೊದಲು ಕಂಡ ಚಲಿಸುವ ವಸ್ತುವನ್ನೇ ತಾಯೆಂದು ಹಿಂಬಾಲಿಸುವುದನ್ನು ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ 1935ರಲ್ಲಿ ವಿವರಿಸಿದನು. ಕರುಣೆಯಿಂದಲೇ ಆಗಲಿ, ಮನೆಯಲ್ಲಿ ಸಾಕಿದ ಗೂಬೆಮರಿಯ ಮನಸ್ಸಿನಲ್ಲಿಯೂ ಮನುಷ್ಯನ ರೂಪ ಹೀಗೆ ಅಚ್ಚೊತ್ತಬಹುದು. ದೊಡ್ಡದಾದ ಮೇಲೆ ಅದು ಸಂಗಾತಿಯನ್ನು ಮನುಷ್ಯರಲ್ಲಿ ಅರಸುತ್ತದೆ. ಸ್ವಜಾತಿಯವರನ್ನು ಅನ್ಯರೆಂದು ಬಗೆಯುತ್ತದೆ. ಇದಕ್ಕೆ ಔಷಧವಿಲ್ಲ.

ಇನ್ನು ಕಾನೂನಿನ ಮಾತು. ಅಮೆರಿಕದಲ್ಲಿ ಸ್ಥಳೀಯ ಹಕ್ಕಿಗಳಲ್ಲಿ ಬಹುಪಾಲು 1918ರ ವಲಸೆಹಕ್ಕಿ ಒಪ್ಪಂದದ ಕಾಯಿದೆಗೆ ಒಳಪಟ್ಟಿವೆ. ಶುಶ್ರೂಷಕರು ವಿಶೇಷಾನುಮತಿಯಿಲ್ಲದೆ ಅವನ್ನು 180 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪೂರ್ಣ ಕುರುಡಾದ ಹಕ್ಕಿಯನ್ನೂ, ಕಾಲನ್ನಾಗಲಿ ಪಾದವನ್ನಾಗಲಿ ಅಥವಾ ಮೊಣಕೈಯಿಂದ ಮೇಲಕ್ಕೆ ರೆಕ್ಕೆಯನ್ನಾಗಲಿ ಕತ್ತರಿಸಲೇಬೇಕಾದ ಹಕ್ಕಿಯನ್ನೂ ನೋವಿಲ್ಲದಂತೆ ಕೊಲ್ಲಬೇಕೆಂಬುದು ಸಾಮಾನ್ಯ ನಿಯಮ. ಇದು ಕ್ರೂರವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಒಂದೇ ಕಾಲಿನ ಮೇಲೆ ಮೈಭಾರವನ್ನೆಲ್ಲ ಹೊತ್ತ ಹಕ್ಕಿಯ ಅಂಗಾಲು ಹುಣ್ಣಾಗಿ ಕೀವುಗಟ್ಟುವುದನ್ನು ಕಂಡವರು ಹಾಗೆ ಹೇಳಲಾರರು. ಬಿಡುಗಡೆ ಮತ್ತು ಮರಣ, ಇವೆರಡರ ನಡುವಣ ಇಕ್ಕಟ್ಟಾದ ಬಾಗಿಲಿನಿಂದ ನುಸುಳಿ ಬಂದ ಕೆಲವೇ ಜೀವಗಳು ಸಂಗ್ರಹಾಲಯದ ನಿವಾಸಿಗಳು. ಉಳಿಸಿಕೊಂಡದ್ದು ನಿಜವಾಗಿಯೂ ಹಕ್ಕಿಗಾಗಿಯೋ, ಅದನ್ನು ಬಿಟ್ಟುಕೊಡಲಾರದ ಮನುಷ್ಯರಿಗಾಗಿಯೋ ಎಂಬ ಪ್ರಶ್ನೆಯನ್ನು ಒಂದೊಂದರ ವಿಷಯದಲ್ಲಿಯೂ ಬೇರೆಯಾಗಿಯೇ ಕೇಳಬೇಕಾಗುತ್ತದೆ. ಪೋಷಕನ ಮುಷ್ಟಿಯ ಮೇಲೆ ಶಾಂತವಾಗಿ ಕುಳಿತ ಗೂಬೆಯನ್ನು ಕಂಡ ಬಾಲಕನಿಗೆ ತಾನೂ ಒಂದನ್ನು ಸಾಕಬೇಕೆಂಬ ಆಸೆ ಹುಟ್ಟಿದರೆ, ಆ ಪ್ರದರ್ಶನದ ಉದ್ದೇಶವೇ ತಲೆಕೆಳಗಾದಂತೆ.

ನಮ್ಮ ನಾಡಿನಲ್ಲಿ ಇಂಥ ಆಜೀವ ಆಶ್ರಿತರನ್ನು ನೋಡಬೇಕಾದರೆ ಸಂಗ್ರಹಾಲಯವನ್ನು ಬಿಟ್ಟು ಬನ್ನೇರುಘಟ್ಟಕ್ಕೆ ಹೋಗಬೇಕು. ಅಲ್ಲಿ 2005ರಲ್ಲಿ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಅರಣ್ಯ ಇಲಾಖೆಯೊಡನೆ ಕೂಡಿ ಕರಡಿಗಳ ಆಶ್ರಯಧಾಮವನ್ನು ತೆರೆಯಿತು. ಕಲಂದರರು ಊರೂರಿಗೆ ತಂದು ಕುಣಿಸುತ್ತಿದ್ದ ಕರಡಿಗಳು ಇಲ್ಲಿ ನೆಲೆ ಪಡೆದುವು. ಗಿಡುಗದ ರೆಕ್ಕೆ ಆಕಸ್ಮಿಕವಾಗಿ ಮುರಿಯುತ್ತದೆ. ಇವುಗಳ ಅಂಗವೈಕಲ್ಯ ಮಾತ್ರ ಉದ್ದೇಶಪೂರ್ವಕವಾದದ್ದು. ಮರಿಯನ್ನು ತಾಯಿಂದ ಅಗಲಿಸಿ, ಕಾದ ಕಬ್ಬಿಣದಿಂದ ಮೂತಿಯನ್ನು ತೂತುಮಾಡಿ ಹಗ್ಗ ಪೋಣಿಸಿ, ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು. ಕರಡಿಮರಿ ತಾಯ ಬೆನ್ನೇರಿ ಕಾಡು ಸುತ್ತುತ್ತ, ಗೆದ್ದಲ ಹುತ್ತವನ್ನು ಅಗೆದು ತುಟಿಗಳನ್ನು ಕೊಳವೆಯಂತೆ ಮಾಡಿ ಹುಳುಗಳನ್ನು ಹೀರುವುದನ್ನು ಸುಮಾರು ಎರಡು ವರ್ಷ ತಾಯೊಡನಿದ್ದು ಕಲಿಯಬೇಕು. ಆ ಪಾಠವೇ ಸಿಗದ ಕರಡಿಗೆ ಕಾಡು ಪರದೇಶ. ಕಲಂದರರಿಗೂ ಬೇರೆ ಜೀವನೋಪಾಯ ಕಲ್ಪಿಸಿದ್ದರಿಂದಲೇ ಈ ಕಾರ್ಯ ಸಾಗಿತು. ಕೇವಲ 1972ರ ಕಾಯಿದೆಯಿಂದ ಅದು ಆಗಿರಲಿಲ್ಲ. ಕುಣಿಯುವ ಕರಡಿಗಳಲ್ಲಿ ಕೊನೆಯದೆನಿಸಿದುದನ್ನು 2009ರ ಡಿಸೆಂಬರಿನಲ್ಲಿ ಒಪ್ಪಿಸಲಾಯಿತು.

ಆಶ್ರಯಧಾಮಗಳಲ್ಲಿ ಈ ಕರಡಿಗಳಿಗೆ ಗಂಜಿ, ಹಣ್ಣು, ಜೇನು ದೊರೆಯುತ್ತವೆ. ಮರದ ತುಂಡಿನೊಳಗೆ ಜೇನನ್ನು ಬಚ್ಚಿಟ್ಟು, ಹುಡುಕಿ ತಿನ್ನುವ ಹಳೆಯ ವಿದ್ಯೆಯನ್ನು ಅವುಗಳಿಗೆ ಮತ್ತೆ ಹಿಡಿಸುತ್ತಾರೆ. ಮೂತಿಯ ಹಗ್ಗವನ್ನು ಕತ್ತರಿಸಿ ಎಷ್ಟೋ ಕಾಲವಾದ ಮೇಲೂ ಕೆಲವು ಕರಡಿಗಳು ನಿಂತಲ್ಲಿಯೇ ಎಡಕ್ಕೂ ಬಲಕ್ಕೂ ತೂಗಾಡುತ್ತಿರುತ್ತವೆ.