ಗುದ್ದಲಿ ಪೂಜೆಯ ಮರುದಿನ

ದೇವರಾಯನದುರ್ಗದ ತಪ್ಪಲಿನಲ್ಲಿ ನಮ್ಮ ವೃತ್ತಿ ತರಬೇತಿ ಶಾಲೆಯ ಕಟ್ಟಡಕ್ಕೆ ಗುದ್ದಲಿ ಪೂಜೆ ನಡೆದ ದಿನ ನೆರೆದಿದ್ದ ಭಕ್ತರಿಗೆ ಲೆಕ್ಕವಿರಲಿಲ್ಲ. ಹಾರ, ತುರಾಯಿ, ಭಾಷಣ, ಪ್ರಸಾದ ಎಲ್ಲವೂ ಸಾಂಗವಾಗಿ ನೆರವೇರಿದವು. ಮರುದಿನ ಬೆಳಿಗ್ಗೆ ಪಾಯದ ಗುರುತು ಹಾಕುವಾಗ ಸ್ಥಳದಲ್ಲಿದ್ದವರು ಮೇಸ್ತ್ರಿ, ಇಬ್ಬರು ಆಳುಗಳು ಮತ್ತು ಕಟ್ಟಡ ಸಮಿತಿಯ ಪರವಾಗಿ ಈ ಲೇಖಕ. ಗಣಿತ ಕಲಿಸಿ ನಿವೃತ್ತನಾದ ನನಗೆ ಸಿಮೆಂಟಿನ ಗಂಧವೂ ತಿಳಿದಿರಲಿಲ್ಲ. ಬಿಡುವಾಗಿರುವವನು ಇವನೊಬ್ಬನೇ ಎಂದು ಹಿರಿಯರು ಮೇಲ್ವಿಚಾರಣೆಯ ಹೊಣೆಯನ್ನು ನನ್ನ ಹೆಗಲಿಗೇರಿಸಿದ್ದರು.

ನಮ್ಮ ಸೀಮೆಗೆ ಈ ಕೆಲಸ ಹೊಸತಲ್ಲ. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ ಛತ್ರವು 1903ರಲ್ಲಿ ಆರಂಭವಾಯಿತು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. 1941ರಲ್ಲಿ ಮಠದ ಹೊಣೆ ಹೊತ್ತ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1963ರಲ್ಲಿ ತಾಂತ್ರಿಕ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ ಅವರ ನೆರಳಿನಲ್ಲಿ ಬೆಳೆದ ಸಂಸ್ಥೆಗಳು ನೂರನ್ನು ಮೀರಿದ್ದವು. ಬಾಚಿಕಾಯಕದ ಬಸವಪ್ಪ, ಮೇದಾರ ಕೇತಯ್ಯ ಮೊದಲಾದ ಶರಣರು ಉಳಿ, ಬಾಚಿ, ಬಿದಿರುಗಳೊಂದಿಗೆ ಅನುಭವ ಮಂಟಪಕ್ಕೆ ಬಂದವರೆಂಬುದನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಆದರೆ ಮಗ ಫಿಟ್ಟರ್ ಆಗುತ್ತೇನೆಂದರೆ ಮುಖ ಸಿಂಡರಿಸುವವರೂ ನಾವೇ! ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. 615 ಎಕರೆಯ ಆ ಕಾರ್ಖಾನೆಯ ಬೇಲಿಯಾಚೆ ನಿಂತು ನೋಡುವುದಷ್ಟೇ ನಮ್ಮ ಹುಡುಗರ ಪಾಲಾಗಬಾರದೆಂಬುದೇ ಸಮಿತಿಯ ಚಿಂತೆ.

ಮೊದಲ ಎಡವಟ್ಟು ನಕ್ಷೆಯಲ್ಲಿಯೇ ಇತ್ತು. ಸಾಮಾನ್ಯ ಶಾಲೆಯ ನಕ್ಷೆಯನ್ನೇ ತಂದು 'ಕಾರ್ಯಾಗಾರ' ಎಂದು ಹೆಸರು ಬರೆದಿದ್ದರು. ಹತ್ತಡಿ ಎತ್ತರದ ಕೋಣೆ, ಮೂರೂವರೆ ಅಡಿ ಬಾಗಿಲು. ಸಮಿತಿಯಲ್ಲಿದ್ದ ನಿವೃತ್ತ ಎಂಜಿನಿಯರೊಬ್ಬರು ನಕ್ಷೆ ನೋಡಿ, "ಮೇಷ್ಟ್ರೇ, ಲೇತ್ ಯಂತ್ರವನ್ನು ಕಿಟಕಿಯಿಂದ ಇಳಿಸುತ್ತೀರೋ?" ಎಂದು ನಕ್ಕರು. ಅವರು ಹೇಳಿಕೊಟ್ಟ ಮೇಲೆ ಕಾರ್ಯಾಗಾರದ ಗುಟ್ಟು ತಿಳಿಯಿತು. ಬಾಗಿಲು ಯಂತ್ರ ಹೊತ್ತ ತಳ್ಳುಗಾಡಿ ನುಗ್ಗುವಷ್ಟು ಅಗಲವಿರಬೇಕು. ಯಂತ್ರ ಕೂರುವ ಕಟ್ಟೆ ನೆಲದ ಗಾರೆಯಿಂದ ಬೇರ್ಪಟ್ಟಿರಬೇಕು. ಇಲ್ಲವಾದರೆ ಅದರ ಅದುರುವಿಕೆ ನೆಲಕ್ಕೆಲ್ಲ ಹರಡಿ ಬಿರುಕು ತರುತ್ತದೆ. ಬೆಳಕು ಉತ್ತರ ದಿಕ್ಕಿನಿಂದ ಬಂದರೆ ಅಳತೆ ನೋಡುವ ಹುಡುಗನ ಕಣ್ಣಿಗೆ ಬಿಸಿಲು ಕುಕ್ಕದು. ಬೆಸುಗೆಯ ಕೋಣೆ ಪ್ರತ್ಯೇಕವಾಗಿದ್ದು ಹೊಗೆ ಹೋಗಲು ದಾರಿ ಇರಬೇಕು. ನಕ್ಷೆ ತಿದ್ದಲು ಮೂರು ವಾರ ಹಿಡಿಯಿತು. ಕಾಗದದ ಮೇಲೆ ಅಳಿಸುವುದು ರಬ್ಬರಿನ ಖರ್ಚು, ಗೋಡೆ ಎದ್ದ ಮೇಲಾದರೆ ದಾನಿಗಳ ಹಣದ ಖರ್ಚು ಎಂದು ಅಧ್ಯಕ್ಷರು ಗೊಣಗದೆ ಒಪ್ಪಿದರು.

ಸೈಜುಗಲ್ಲಿಗೆ ನಮ್ಮಲ್ಲಿ ಬರವಿಲ್ಲ. ಪಾಯ ಬೇಗನೆ ಎದ್ದಿತು. ಬರವಿದ್ದುದು ನೀರಿಗೆ. ಜಯಮಂಗಲಿ, ಶಿಂಷಾ ಹುಟ್ಟುವ ಬೆಟ್ಟಸಾಲಿದು. ನಾಮದ ಚಿಲುಮೆಯಲ್ಲಿ ಬಂಡೆಯಿಂದ ನೀರು ಜಿನುಗುವುದನ್ನು ಪ್ರವಾಸಿಗರು ಬಂದು ನೋಡುತ್ತಾರೆ. ಅದೇ ಬೆಟ್ಟದ ಬುಡದಲ್ಲಿ ಮಾರ್ಚ್ ತಿಂಗಳಿನಲ್ಲಿ ನಾವು ಟ್ಯಾಂಕರಿನ ನೀರು ಕೊಂಡೆವು. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ತೇವ ಆರಬಾರದು. ಒಣಬಿಸಿಲಿನಲ್ಲಿ ಹತ್ತು ದಿನ ನೀರುಣಿಸಿದರೆ ಒಳ್ಳೆಯದು. ಕಂಬಗಳಿಗೆ ಗೋಣಿತಾಟು ಸುತ್ತಿಸಿದೆ. ಹಗಲು ಆಳುಗಳು ನೀರು ಹಾಕುವರು. ಭಾನುವಾರ ಯಾರೂ ಇಲ್ಲ. ನನ್ನ ಪತ್ನಿಯೂ ನಾನೂ ಬುತ್ತಿ ಕಟ್ಟಿಕೊಂಡು ಹೋಗಿ ಕೊಡದಲ್ಲಿ ನೀರೆರೆದದ್ದುಂಟು. ಹೊಳೆ ಮರಳು ಬಂದ ದಿನ ಗಾಜಿನ ಬಾಟಲಿಯಲ್ಲಿ ಉಪ್ಪುನೀರಿನೊಡನೆ ಕುಲುಕಿ ಇಟ್ಟು, ಮೇಲೆ ಕೂರುವ ಕೆಸರಿನ ಪದರ ಶೇ. 8ನ್ನು ಮೀರಿದೆಯೇ ಎಂದು ಅಳೆಯುವುದನ್ನೂ ಕಲಿತೆ. ಎರಡು ಲಾರಿ ಮರಳು ಹಿಂದಕ್ಕೆ ಹೋಯಿತು. ಅಂದಿನಿಂದ ಗುತ್ತಿಗೆದಾರರು ನನ್ನನ್ನು ಕಂಡರೆ ಮಾತು ಕಡಿಮೆ ಮಾಡಿದರು.

ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಬಂಧುಗಳ ಮನೆಯ ಮದುವೆಗೆಂದು ಎರಡು ದಿನ ಕುಣಿಗಲ್‌ಗೆ ಹೋಗಿದ್ದೆ. ಹಿಂದಿರುಗಿ ನೋಡಿದರೆ ನಾಲ್ಕು ಕಂಬಗಳಿಗೆ ಕಾಂಕ್ರೀಟ್ ತುಂಬಿ ಹಲಗೆ ಬಿಚ್ಚಿದ್ದರು. ಎರಡರ ಬುಡದಲ್ಲಿ ಜಲ್ಲಿ ಬಿಡಿಬಿಡಿಯಾಗಿ ಜೇನುಗೂಡಿನಂತೆ ತೂತುಗಳು. ಒಂದೆಡೆ ಕಂಬಿಯೇ ಕಾಣುತ್ತಿತ್ತು. ವೈಬ್ರೇಟರ್ ಕೆಟ್ಟಿತ್ತಂತೆ, ಕತ್ತಲಾಗಿತ್ತಂತೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಪ್ಲಾಸ್ಟರ್ ಮಾಡಿದ್ರೆ ಮುಚ್ಕೊಂಡು ಹೋಯ್ತದೆ ಸ್ವಾಮಿ, ಯಾರ್ ನೋಡ್ತಾರೆ?" ಎಂದನು.

ಅಂದು ಸಂಜೆ ಸಮಿತಿಯ ಸಭೆ ಸೇರಿತು. ಆಗಸ್ಟ್‌ನಲ್ಲಿ ತರಗತಿ ಆರಂಭಿಸುವುದಾಗಿ ಕರಪತ್ರ ಹಂಚಿಯಾಗಿತ್ತು. ಮೂವತ್ತೆರಡು ಮಕ್ಕಳು ಹೆಸರು ಕೊಟ್ಟಿದ್ದರು. ಕಂಬ ಒಡೆದರೆ ತಾರಸಿ ಮುಂದಕ್ಕೆ ಹೋಗುತ್ತದೆ, ದಾನಿಗಳಿಗೆ ಏನೆಂದು ಉತ್ತರ ಕೊಡುವುದು ಎಂದು ಕೆಲವರು. ಸಿಮೆಂಟ್ ತುಂಬಿ ಸರಿಪಡಿಸಬಹುದೆಂದು ಗುತ್ತಿಗೆದಾರರು. ಆ ಮಾತೂ ಪೂರ್ತಿ ಸುಳ್ಳಲ್ಲ. ಮೇಲ್ಮೈಯ ಸಣ್ಣ ತೂತುಗಳನ್ನು ಹಾಗೆ ಸರಿಪಡಿಸುವುದುಂಟು. ಎಂಜಿನಿಯರರು ಮಾತ್ರ ಸುತ್ತಿಗೆಯಿಂದ ಬಡಿದು ನೋಡಿ, ಟೊಳ್ಳು ಒಳಗಿನವರೆಗೂ ಇದೆಯೆಂದರು. ಪ್ರಯೋಗಾಲಯದವರು ಬಂದು ಪರೀಕ್ಷಿಸಿ ಅದೇ ಮಾತನ್ನು ಬರೆದುಕೊಟ್ಟರು. ಸಭೆ ಮೌನವಾಯಿತು. ಮೂಲೆಯಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು, ತಮ್ಮ ಪಿಂಚಣಿಯಿಂದ ಹತ್ತು ಮೂಟೆ ಸಿಮೆಂಟಿನ ಹಣ ಕೊಟ್ಟಿದ್ದವರು, "ನನ್ನ ಮೊಮ್ಮಗನೂ ಅದರ ಕೆಳಗೇ ಕೂರಬೇಕಲ್ಲಪ್ಪ" ಎಂದರು. ಮತ್ತೆ ಚರ್ಚೆ ಬೆಳೆಯಲಿಲ್ಲ.

ಎರಡು ಕಂಬಗಳನ್ನು ಒಡೆಯಲು ಐದು ದಿನ ಬೇಕಾಯಿತು. ವೆಚ್ಚದ ಅರ್ಧವನ್ನು ಗುತ್ತಿಗೆದಾರರು ಭರಿಸಿದರು. ಉಳಿದರ್ಧ ನಮ್ಮ ಪಾಲಿಗೆ ಬಂತು. ಅದು ನ್ಯಾಯವೆಂದು ನನಗೆ ಇಂದಿಗೂ ಅನಿಸಿಲ್ಲ. ಆದರೆ ಕರಾರುಪತ್ರದಲ್ಲಿ ದೋಷದ ವೆಚ್ಚ ಯಾರದೆಂದು ನಾವೇ ಸ್ಪಷ್ಟವಾಗಿ ಬರೆಸಿರಲಿಲ್ಲ. ಕಟ್ಟಡ ಕಟ್ಟಿಸುವ ಬಂಧುಗಳು ಈ ಒಂದು ಸಾಲನ್ನು ಮರೆಯದಿರಲಿ. ಅಲ್ಲಿಂದಾಚೆಗೆ ಪ್ರತಿ ಬಾರಿಯೂ ಕಾಂಕ್ರೀಟಿನ ಘನಗಳನ್ನು ತುಂಬಿಟ್ಟು 7 ಮತ್ತು 28ನೆಯ ದಿನ ಒಡೆಸಿ ನೋಡಿದೆವು.

ತಾರಸಿ ಹಾಕಿದ್ದು ಜೂನ್ ಕೊನೆಯಲ್ಲಿ, ಬೆಳಗಿನ ಆರಕ್ಕೆ ಮೊದಲಾಗಿ ರಾತ್ರಿ ಒಂಬತ್ತರವರೆಗೆ. ಇಪ್ಪತ್ತಡಿಗೂ ಮಿಕ್ಕ ತೊಲೆಗಳ ಕೆಳಗಿನ ಊರುಗೋಲುಗಳನ್ನು 21 ದಿನ ಮುಟ್ಟಕೂಡದೆಂದು ಎಂಜಿನಿಯರರ ಕಟ್ಟಪ್ಪಣೆ. ಹದಿನೈದನೆಯ ದಿನವೇ ಸೆಂಟ್ರಿಂಗ್‌ನವರು ಬೇರೆ ಕೆಲಸವಿದೆಯೆಂದು ಲಾರಿ ತಂದು ನಿಲ್ಲಿಸಿದರು. ಹೆಚ್ಚಿನ ಆರು ದಿನಗಳ ಬಾಡಿಗೆಯನ್ನು ಅಧ್ಯಕ್ಷರು ತಮ್ಮ ಕಿಸೆಯಿಂದ ಕೊಟ್ಟು ಅವರನ್ನು ಕಳುಹಿಸಿದರು.

ಆಗಸ್ಟ್‌ನಲ್ಲಿ ಕಟ್ಟಡ ಮುಗಿಯಲಿಲ್ಲ. ತರಗತಿಗಳು ಊರಿನ ಕಲ್ಯಾಣಮಂಟಪದ ಊಟದ ಮನೆಯಲ್ಲಿ ಆರಂಭವಾದವು. ಮದುವೆಯ ದಿನಗಳಲ್ಲಿ ರಜೆ. ಹೆಸರು ಕೊಟ್ಟಿದ್ದವರಲ್ಲಿ ಐವರು ಬೇರೆಡೆಗೆ ಹೋದರು. ಉಳಿದ ಇಪ್ಪತ್ತೇಳು ಮಂದಿಯನ್ನು ಬೋಧಕರು ಶನಿವಾರಗಳಂದು ಕಟ್ಟಡದ ಬಳಿಗೇ ಕರೆತರುತ್ತಿದ್ದರು. ವಿದ್ಯುತ್ ವಿಭಾಗದ ಹುಡುಗರು ಗೋಡೆಯಲ್ಲಿ ಕೊಳವೆ ಕೂರಿಸಿದರು, ಇದ್ದಿಲು-ಉಪ್ಪು ತುಂಬಿ ಅರ್ಥಿಂಗ್ ಗುಂಡಿಯನ್ನು ತಾವೇ ಮುಚ್ಚಿದರು. ಕಾರ್ತಿಕದ ಒಂದು ಸೋಮವಾರ ಲೇತ್ ಯಂತ್ರ ಬಂದಿಳಿಯಿತು. ಬಾಗಿಲಿನ ಎರಡೂ ಬದಿಗೆ ಒಂದೊಂದು ಗೇಣು ಜಾಗ ಉಳಿಸಿಕೊಂಡು ಅದು ಒಳಗೆ ಹೋಯಿತು.