ಹೆಪ್ಪುಗಟ್ಟಿದರೂ ಸಾಯದ ಎಲೆಗಳು: ನಿತ್ಯಹಸಿರು ಮರಗಳ ಚಳಿಗಾಲದ ಗುಟ್ಟೇನು?

ಕೊತ್ತಂಬರಿ ಸೊಪ್ಪನ್ನು ಫ್ರೀಜರ್‌ನಲ್ಲಿಟ್ಟು ಮರೆತರೆ ಏನಾಗುತ್ತದೆಂದು ನಾವೆಲ್ಲ ನೋಡಿದ್ದೇವೆ. ಹೊರತೆಗೆದ ಸ್ವಲ್ಪ ಹೊತ್ತಿಗೆ ಅದು ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿ ನೀರು ಬಿಡುತ್ತದೆ. ಫ್ರೀಜರ್‌ನ ತಾಪಮಾನ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಸೈಬೀರಿಯಾದ ಪೈನ್ ಮರಗಳೋ ಮೈನಸ್ 40 ಡಿಗ್ರಿಯ ಚಳಿಯಲ್ಲೂ ಎಲೆ ಉದುರಿಸದೆ ಹಸಿರಾಗಿ ನಿಂತಿರುತ್ತವೆ. ಇದು ಹೇಗೆ ಸಾಧ್ಯ?

ಎಲೆಯ ರಸದಲ್ಲಿರುವ ಸಕ್ಕರೆ ಅದನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಅರ್ಧ ಸತ್ಯ ಮಾತ್ರ. ಸಕ್ಕರೆ ಕರಗಿದ ನೀರು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಮೈನಸ್ 40ರಲ್ಲಿ ಪೈನ್ ಎಲೆಯೊಳಗೆ ಖಂಡಿತ ಮಂಜುಗಡ್ಡೆ ಇರುತ್ತದೆ. ಆದರೆ ಅದು ಎಲ್ಲಿರುತ್ತದೆ ಎಂಬುದೇ ಮುಖ್ಯ.

ಜೀವಕೋಶಗಳ ನಡುವಿನ ಸಂದುಗಳಲ್ಲಿರುವ ನೀರು ಹೆಚ್ಚು ತೆಳು. ಹಾಗಾಗಿ ಮೊದಲು ಅಲ್ಲೇ ಮಂಜುಗಡ್ಡೆ ಮೂಡುತ್ತದೆ. ಅದು ಕೋಶದೊಳಗಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕೋಶ ಕುಗ್ಗುತ್ತದೆ, ಒಳಗಿನ ರಸ ಪಾಕದಂತೆ ಗಟ್ಟಿಯಾಗುತ್ತದೆ. ಕೋಶದ ಒಳಗೇ ಮಂಜುಗಡ್ಡೆಯ ಹರಳು ಬೆಳೆದರೆ ಸಾವು ಖಚಿತ. ನೀರು ಹೊರಹೋಗುವುದರಿಂದ ಆ ಅಪಾಯ ತಪ್ಪುತ್ತದೆ. ಆದರೆ ಕೋಶ ಒಣಗಬೇಕಾಗುತ್ತದೆ. ಅಂದರೆ ಈ ಎಲೆಗಳಿಗೆ ಚಳಿಯನ್ನು ತಾಳುವುದೆಂದರೆ ಬಹುಮಟ್ಟಿಗೆ ಬರವನ್ನು ತಾಳುವುದೇ. ಕೊತ್ತಂಬರಿ ಸೋಲುವುದೂ ಇಲ್ಲೇ: ಅದರ ಕೋಶಪೊರೆಗಳು ಈ ಹೊಡೆತ ತಾಳದೆ ಹಾಳಾಗಿ, ರಸವೆಲ್ಲ ಸೋರಿಹೋಗುತ್ತದೆ.

ಈ ಶಕ್ತಿ ಮರಕ್ಕೆ ವರ್ಷವಿಡೀ ಇರುವುದಿಲ್ಲ. ಶರತ್ಕಾಲದಲ್ಲಿ ಹಗಲು ಚಿಕ್ಕದಾಗಿ ತಂಪು ಹೆಚ್ಚಿದಂತೆ ಎಲೆಗಳು ಸಿದ್ಧತೆ ಆರಂಭಿಸುತ್ತವೆ. ಕೋಶಪೊರೆಯ ಕೊಬ್ಬಿನ ಸ್ವರೂಪ ಬದಲಾಗುತ್ತದೆ. ಸಕ್ಕರೆ ಹಾಗೂ ರಕ್ಷಕ ಪ್ರೋಟೀನುಗಳು ಹೆಚ್ಚುತ್ತವೆ. ಸಕ್ಕರೆಯ ನಿಜವಾದ ಕೆಲಸ ಇಲ್ಲಿದೆ: ಒಣಗಿದ ಕೋಶದ ಪೊರೆಗಳನ್ನು ಅದು ಕಾಪಾಡುತ್ತದೆ. ಜನವರಿಯಲ್ಲಿ ಮೈನಸ್ 40 ತಾಳುವ ಅದೇ ಮರದ ಎಲೆ, ಜುಲೈನಲ್ಲಿ ಹಠಾತ್ತನೆ ಅಂಥ ಚಳಿಗೆ ಸಿಕ್ಕರೆ ಉಳಿಯದು.

ಈ ಸಿದ್ಧತೆ ಎಷ್ಟು ನಾಜೂಕಾದದ್ದು ಎಂಬುದನ್ನು ಅಮೆರಿಕದ ಈಶಾನ್ಯ ಭಾಗದ ಕೆಂಪು ಸ್ಪ್ರೂಸ್ ಮರಗಳು ತೋರಿಸಿಕೊಟ್ಟವು. 1960ರ ದಶಕದಿಂದ ಅಲ್ಲಿನ ಬೆಟ್ಟಗಳಲ್ಲಿ ಇವು ಸೊರಗತೊಡಗಿದವು. ಚಳಿಗಾಲ ಮುಗಿಯುವ ವೇಳೆಗೆ ಎಲೆಗಳು ಕೆಂಪು-ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿದ್ದವು. ಮೇಲ್ನೋಟಕ್ಕೆ ಕೊಂದದ್ದು ಚಳಿ. ಆದರೆ ಆ ಚಳಿ ಮರಗಳಿಗೆ ಹೊಸದಲ್ಲ. ವಿಜ್ಞಾನಿಗಳು ಹುಡುಕಿದಾಗ ಸಿಕ್ಕ ಪ್ರಮುಖ ಕಾರಣ ಆಮ್ಲಮಳೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯಿಂದ ಹುಟ್ಟಿದ ಆಮ್ಲ, ಎಲೆಯ ಕೋಶಪೊರೆಗಳಿಗೆ ಬಲ ಕೊಡುವ ಕ್ಯಾಲ್ಸಿಯಂ ಅನ್ನು ತೊಳೆದು ಹಾಕುತ್ತಿತ್ತು. ಇದರಿಂದ ಎಲೆಗಳ ಚಳಿ ತಾಳುವ ಶಕ್ತಿ ಹಲವು ಡಿಗ್ರಿಗಳಷ್ಟು ಕುಸಿದಿತ್ತು.

1990ರಲ್ಲಿ ಅಮೆರಿಕ ತನ್ನ ಶುದ್ಧ ಗಾಳಿ ಕಾಯ್ದೆಯನ್ನು ಬಿಗಿಗೊಳಿಸಿತು. ಗಂಧಕದ ಹೊಗೆ ಇಳಿಯಿತು. ಈಚಿನ ದಶಕಗಳಲ್ಲಿ ಕೆಂಪು ಸ್ಪ್ರೂಸ್ ಮತ್ತೆ ಚೆನ್ನಾಗಿ ಬೆಳೆಯುತ್ತಿದೆ.

ಮೈಮೇಲೆ ಹಿಮ ಹೊತ್ತು ಹಸಿರಾಗಿ ನಿಂತ ಮರದ ಚಿತ್ರ ಕಂಡಾಗ, ಅದಕ್ಕೆ ಚಳಿಯೇ ತಟ್ಟುವುದಿಲ್ಲ ಎಂದು ನಮಗೆ ಅನಿಸಬಹುದು. ಚಳಿ ತಟ್ಟುತ್ತದೆ, ಎಲೆ ಹೆಪ್ಪೂಗಟ್ಟುತ್ತದೆ. ಅದನ್ನು ಉಳಿಸುವುದು ತಿಂಗಳುಗಳ ಮೊದಲೇ ಮಾಡಿಕೊಂಡ ಸಿದ್ಧತೆ. ಆ ಸಿದ್ಧತೆ ಕೆಡಿಸಲು ನಾವು ಮರವನ್ನು ಮುಟ್ಟಬೇಕೆಂದೂ ಇಲ್ಲ, ದೂರದ ಹೊಗೆಯೇ ಸಾಕು.